ಮಡಿಕೆಯ ಜಾಗ

ಆ ಮನೆಯಲ್ಲಿ ಬೀದಿ ಕಡೆಯ ಕೋಣೆ ಟೈಲರ್ ತಾತನದು. ಕಿಟಕಿಗೆ ಒತ್ತಿಕೊಂಡು ಹೊಲಿಗೆ ಮೆಷಿನ್ನು, ಗೋಡೆಗೆ ಒತ್ತಿಕೊಂಡು ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೇಜಿನ ಅಡಿಯಲ್ಲಿ ಸುತ್ತಿಟ್ಟ ಹಾಸಿಗೆ. ಹಾಸಿಗೆ ಬಿಚ್ಚಿದರೆ ಮಲಗುವ ಕೋಣೆ, ಸುತ್ತಿದರೆ ಅಂಗಡಿ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಕೊರಳಿಗೆ ಟೇಪು ಹಾಕಿಕೊಂಡ ಮನುಷ್ಯ; ಐವತ್ತೆಂಟು ವರ್ಷವಾದರೂ ಆ ಟೇಪು ಕೊರಳಿನಿಂದ ಇಳಿದಿರಲಿಲ್ಲ. ಮನೆ ಮಗಳದು ಅನ್ನಬಹುದು, ಆದರೆ ಬಾಡಿಗೆಗೆ ಹಿಡಿದವನು ಅಳಿಯ. ಹೆಂಡತಿ ತೀರಿಕೊಂಡ ಮೇಲೆ ಮಗಳು "ಬಾಪ್ಪ" ಅಂದಳು, ಅಳಿಯ ಬೇಡ ಅನ್ನಲಿಲ್ಲ. ಬೇಡ ಅನ್ನಲಿಲ್ಲ ಎಂಬುದನ್ನು ತಾತ ಏಳು ವರ್ಷದಿಂದ ನೆನಪಿಟ್ಟುಕೊಂಡಿದ್ದ. ಅದಕ್ಕೇ ಗಂಡ ಹೆಂಡತಿ ಜೋರಾಗಿ ಮಾತಾಡುವಾಗ ಅವನ ಮೆಷಿನ್ನೂ ಸ್ವಲ್ಪ ಜೋರಾಗಿ ಓಡುತ್ತಿತ್ತು.

ಮೇಜಿನ ಒಂದು ತುದಿ ಮೊಮ್ಮಗಳದು. ಹುಟ್ಟಿದಾಗ ಬೆಂಕಿಕಡ್ಡಿಯ ಹಾಗಿದ್ದಳು ಅಂತ ಅವಳಪ್ಪ ಕಡ್ಡಿ ಅಂತ ಕರೆದಿದ್ದ; ಹದಿನೈದು ತುಂಬಿ ಅಪ್ಪನ ಕಿವಿಯ ಮಟ್ಟಕ್ಕೆ ಬಂದಿದ್ದರೂ ಕಡ್ಡಿ ಕಡ್ಡಿಯಾಗಿಯೇ ಉಳಿದಿದ್ದಳು. ಅಡುಗೆಮನೆಯ ಮೇಜಿನ ಮೇಲೆ ಅವಳಮ್ಮ ಏನಾದರೊಂದು ಇಸ್ತ್ರಿ ಮಾಡುತ್ತಲೇ ಇರುತ್ತಿದ್ದುದರಿಂದ ಅವಳ ಓದು ಬರಹವೆಲ್ಲ ತಾತನ ಬಟ್ಟೆಗಳ ಪಕ್ಕದಲ್ಲೇ. ಅವಳ ನೋಟ್‌ಬುಕ್ಕಿನಲ್ಲಿ ದಾರದ ತುಂಡು, ತಾತನ ಬಟ್ಟೆಯ ಮೇಲೆ ಪೆನ್ಸಿಲ್ಲಿನ ಪುಡಿ.

ಒಂದು ಭಾನುವಾರ ಮಧ್ಯಾಹ್ನ ನಾಲ್ಕೂ ಜನ ಊಟಕ್ಕೆ ಕೂತಿದ್ದರು. ಮಗಳಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ, ಅಳಿಯನಿಗೆ ಲಿಫ್ಟ್ ರಿಪೇರಿ. ಇಬ್ಬರಿಗೂ ಒಂದೇ ದಿನ ರಜ ಸಿಗುವುದೇ ಅಪರೂಪ.

"ಲೆಕ್ಕದ ಮೇಡಂ ಫೋನ್ ಮಾಡಿದ್ರು," ಅಂದ ಅಳಿಯ, ಮೊಟ್ಟೆ ಸುಲಿಯುತ್ತಾ. "ಇವಳಿಗೆ ಸಣ್ಣ ಲೆಕ್ಕಾನೇ ವಾಸಿ ಅಂತಾರೆ."

ಆ ಶಾಲೆಯಲ್ಲಿ ಕೊನೇ ವರ್ಷದ ಗಣಿತಕ್ಕೆ ಎರಡು ಪತ್ರಿಕೆ. ಮಕ್ಕಳು ಅವುಗಳನ್ನು ದೊಡ್ಡ ಲೆಕ್ಕ, ಸಣ್ಣ ಲೆಕ್ಕ ಅಂತ ಕರೆಯುತ್ತಿದ್ದರು. ಸಣ್ಣ ಲೆಕ್ಕ ಬರೆದರೂ ಪಾಸೇ. ಆದರೆ ಕಟ್ಟಡಗಳ ಪ್ಲಾನ್ ಬರೆಯುವ ಡಿಪ್ಲೊಮಾಗೆ ದೊಡ್ಡ ಲೆಕ್ಕ ಬೇಕೇ ಬೇಕು. ಕಡ್ಡಿಗೆ ಅದನ್ನು ಬಿಟ್ಟು ಬೇರೆ ಏನೂ ಬೇಕಿರಲಿಲ್ಲ. ಐದನೇ ಕ್ಲಾಸಿನಿಂದಲೂ ಅವಳು ಮನೆಗೆ ಬಂದ ಕಾಗದದ ಮೇಲೆಲ್ಲ ಬಾಗಿಲು ಕಿಟಕಿ ಎಳೆದವಳು.

"ವಾಸಿ ಅಂದ್ರಾ, ಯೋಚನೆ ಮಾಡಿ ಅಂದ್ರಾ?" ಮಗಳು ಕೇಳಿದಳು.

"ಎರಡೂ ಒಂದೇ."

"ಎರಡೂ ಒಂದೇ ಆಗಿದ್ರೆ ಅವರು ಎರಡನೇದು ಯಾಕೆ ಹೇಳ್ತಾರೆ? ನೀವು ಅವರು ಬಾಯಿ ತೆಗೆಯೋ ಮೊದಲೇ ಹೂಂ ಅಂದಿರ್ತೀರ."

"ಗ್ರಾಫಲ್ಲಿ ಎಂಟಕ್ಕೆ ಎರಡು, ಎಂಟಕ್ಕೆ ಒಂದು. ಹೂಂ ಅನ್ನದೆ ಹಾರ ಹಾಕ್ಬೇಕಿತ್ತಾ?"

"ನಾನು ಇಲ್ಲೇ ಕೂತಿದೀನಪ್ಪ," ಅಂದಳು ಕಡ್ಡಿ.

"ಕೂತಿರೋದು ಕಾಣ್ತಿದೆ. ಇಪ್ಪತ್ತನೇ ತಾರೀಕು ಟೆಸ್ಟ್ ಇದೆಯಂತೆ. ನಲವತ್ತಕ್ಕೆ ಇಪ್ಪತ್ತು ಬರ್ಲಿಲ್ಲ ಅಂದ್ರೆ ಸಣ್ಣ ಲೆಕ್ಕದ ಫಾರಂಗೆ ಸಹಿ ಹಾಕ್ತೀನಿ. ಮಾತು ಮುಗೀತು."

ಮಾತು ಮುಗಿದಿರಲಿಲ್ಲ, ಪಾತ್ರೆ ತೊಳೆಯುವವರೆಗೂ ಗಂಡ ಹೆಂಡತಿಯರ ನಡುವೆ ಅದೇ ನಡೆಯಿತು. ತಾತ ತಟ್ಟೆಯಿಂದ ತಲೆ ಎತ್ತದೆ ಉಂಡು, ಎದ್ದು ಹೋಗಿ ಭಾನುವಾರವಾದರೂ ಮೆಷಿನ್ನಿಗೆ ಎಣ್ಣೆ ಬಿಟ್ಟ.

ಮರುದಿನ ಸಾಯಂಕಾಲ ಕಡ್ಡಿ ಮೇಜಿನ ತುದಿಯಲ್ಲಿ ಕೂತು ಗ್ರಾಫ್ ಬರೆಯುತ್ತಿದ್ದಳು. ಚೌಕಳಿ ಹಾಳೆಯ ಮೇಲೆ ಏಳು ಚುಕ್ಕಿ ಇಟ್ಟಿದ್ದಳು. ಆಮೇಲೆ ಸ್ಕೇಲ್ ಹಿಡಿದು ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಗೆರೆ ಎಳೆದಳು. ಶಾಲಾ ಯೂನಿಫಾರಂನ ತೋಳು ಕತ್ತರಿಸುತ್ತಿದ್ದ ತಾತ ಕತ್ತರಿ ನಿಲ್ಲಿಸಿದ.

"ಇದೇನು, ಒಡೆದ ಮಡಕೆ ಇದ್ದ ಹಾಗಿದೆಯಲ್ಲ."

"ಪರವಲಯ ತಾತ. ವೈ ಈಕ್ವಲ್ಸ್ ಎಕ್ಸ್ ಸ್ಕ್ವೇರ್. ಮೇಡಂ ಇದನ್ನ ನುಣ್ಣಗೆ ಎಳೀಬೇಕು ಅಂತಾರೆ. ನನ್ನ ಕೈ ನಡುಗುತ್ತೆ."

"ನುಣ್ಣಗೆ ಬರಬೇಕು ಅಂದ್ರೆ ಸ್ಕೇಲ್ ಯಾಕೆ ಹಿಡಿದೆ? ಕಂಕುಳಿಗೆ ಯಾರಾದ್ರೂ ಸ್ಕೇಲ್ ಇಟ್ಟು ಗೆರೆ ಎಳೀತಾರಾ? ಹಾಕಿಕೊಂಡವರ ಗತಿ ಏನು?"

ತಾತ ಸೀಮೆಸುಣ್ಣದ ಬಿಲ್ಲೆ ತೆಗೆದುಕೊಂಡು ಒಂದು ತುಂಡು ಬಟ್ಟೆಯ ಮೇಲೆ ನಾಲ್ಕು ಚುಕ್ಕಿ ಇಟ್ಟ. ಬೆರಳನ್ನು ಅಲ್ಲಾಡಿಸಲಿಲ್ಲ, ಮಣಿಕಟ್ಟನ್ನೂ ಅಲ್ಲಾಡಿಸಲಿಲ್ಲ. ಮೊಣಕೈ ಮೇಜಿಗೆ ಊರಿ ಇಡೀ ಮುಂಗೈಯನ್ನು ಬೀಸಿದ. ನಾಲ್ಕು ಚುಕ್ಕಿಯನ್ನೂ ಮುಟ್ಟಿಕೊಂಡು ಒಂದು ಬಾಗು ಗೆರೆ ಬಂತು.

"ಗೆರೆ ನೋಡ್ಬೇಡ. ಮುಂದಿನ ಚುಕ್ಕಿ ನೋಡು. ಕೈ ತಾನಾಗಿ ಹೋಗುತ್ತೆ."

ನಾಲ್ಕೈದು ಹಾಳೆ ಹಾಳಾದವು. ಆರನೆಯದರಲ್ಲಿ ಗೆರೆ ನುಣ್ಣಗೆ ಇಳಿದು ನುಣ್ಣಗೆ ಏರಿತು. ಕಡ್ಡಿ ಅದನ್ನು ದೂರ ಹಿಡಿದು ನೋಡಿ, "ಚೆನ್ನಾಗಿದೆ ಅಲ್ವಾ," ಅಂದಳು, ತನ್ನದಲ್ಲವೇನೋ ಎಂಬಂತೆ.

ತಾತನಿಗೆ ಅಲ್ಲಿಗೇ ಸುಮ್ಮನಿರಲು ಆಗಲಿಲ್ಲ. ಹಾಳೆಯನ್ನು ಕೈಗೆ ತೆಗೆದುಕೊಂಡು, "ಇದರ ಎಡಗಡೆ ಬಲಗಡೆ ಎರಡೂ ಒಂದೇನಾ?" ಅಂದ.

"ಒಂದೇ. ಕನ್ನಡಿಯಲ್ಲಿ ನೋಡಿದ ಹಾಗೆ."

"ಮತ್ತೆ ಎರಡೂ ಕಡೆ ಯಾಕೆ ಲೆಕ್ಕ ಮಾಡ್ತೀಯ? ನಾವು ಕೊರಳು ಕತ್ತರಿಸೋವಾಗ ಬಟ್ಟೆನ ನಡುವೆ ಮಡಚ್ತೀವಿ. ಅರ್ಧ ಕತ್ತರಿಸಿದ್ರೆ ಇನ್ನರ್ಧ ಪುಕ್ಕಟೆ ಬರುತ್ತೆ. ನಡುಗೆರೆ ಮೇಲೆ ಮಡಚು. ಬಲಗಡೆ ಚುಕ್ಕಿ ಎಲ್ಲಿದೆಯೋ ಅಲ್ಲೇ ಎಡಗಡೆಗೂ ಪಿನ್ನು ಚುಚ್ಚು."

ಕಡ್ಡಿ ಮಡಚಿದಳು, ಚುಚ್ಚಿದಳು, ಬಿಚ್ಚಿದಳು. ಸರಿಯಾಗಿತ್ತು. ಎಕ್ಸ್ ಸ್ಕ್ವೇರ್ ಮೈನಸ್ ನಾಲ್ಕು ಮಾಡಿದಳು, ಸರಿಯಾಗಿತ್ತು. ಒಂಬತ್ತು ಮೈನಸ್ ಎಕ್ಸ್ ಸ್ಕ್ವೇರ್ ಮಾಡಿದಳು, ಅದು ಕವುಚಿ ಹಾಕಿದ ಬಟ್ಟಲಿನ ಹಾಗೆ ಬಂತು, ಅದೂ ಸರಿಯಾಗಿತ್ತು. ಅವಳು ಯಾವಾಗಲೂ ಎಡವುತ್ತಿದ್ದುದೇ ಎಡಗಡೆಯ ಮೈನಸ್ ಸಂಖ್ಯೆಗಳಲ್ಲಿ. ಈಗ ಎಡಗಡೆಯ ಗೊಡವೆಯೇ ಇಲ್ಲ. ಆ ವಾರವೆಲ್ಲ ಮನೆಯಲ್ಲಿ ಗಾಳಿ ಆಡಿದ ಹಾಗಿತ್ತು. ಮಗಳು ಲಾಂಡ್ರಿಯಿಂದ ಬಂದವಳು ಹಾಳೆಗಳನ್ನು ತಿರುವಿ, "ಅಪ್ಪಾ, ಫೀಸು ಎಷ್ಟು?" ಅಂತ ರೇಗಿಸಿದಳು. ಅಳಿಯನೂ ಬೂಟು ಬಿಚ್ಚುತ್ತಾ ಒಮ್ಮೆ ಕತ್ತು ಉದ್ದ ಮಾಡಿ ನೋಡಿದ. ತಾತ ಒಳಗೊಳಗೇ ಉಬ್ಬಿದ. ಮೂರನೇ ಕ್ಲಾಸಿನವನು ಹತ್ತನೇ ಕ್ಲಾಸಿಗೆ ಪಾಠ ಹೇಳಿದ್ದ.

ಇಪ್ಪತ್ತನೇ ತಾರೀಕು ಟೆಸ್ಟ್ ಆಯಿತು. ಇಪ್ಪತ್ತನಾಲ್ಕಕ್ಕೆ ಉತ್ತರಪತ್ರಿಕೆ ಮನೆಗೆ ಬಂತು. ನಲವತ್ತಕ್ಕೆ ಹನ್ನೆರಡು.

ಕಡ್ಡಿ ಅದನ್ನು ಊಟದ ಮೇಜಿನ ಮೇಲಿಟ್ಟು ಹೋಗಿ ಮುಖ ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಳು. ಅಳಿಯ ಹಾಳೆ ತಿರುವಿದ. ಮೂರು ಗ್ರಾಫ್ ಪ್ರಶ್ನೆ, ಮೂರಕ್ಕೂ ಕೆಂಪು ಗೀಟು. ಮೊದಲನೆಯದರ ಪಕ್ಕದಲ್ಲಿ ಮೇಡಂ "ಎಡಗಡೆಯ ಲೆಕ್ಕ ಎಲ್ಲಿ?" ಅಂತ ಬರೆದಿದ್ದರು. ಗೆರೆಯೇನೋ ನುಣ್ಣಗಿತ್ತು. ಆದರೆ ಅದು ಒಂದು ಸಲ ಇಳಿದು ಏರಿ, ನಡುವೆ ಚೂಪಾಗಿ ತಿರುಗಿ, ಮತ್ತೊಂದು ಸಲ ಇಳಿದು ಏರಿತ್ತು. ಇಂಗ್ಲಿಷಿನ ಡಬ್ಲ್ಯೂ ಅಕ್ಷರದ ಹಾಗೆ.

"ಮಾವ," ಅಂದ ಅಳಿಯ, ಹಾಳೆಯನ್ನು ತಾತನ ಕಡೆ ತಿರುಗಿಸಿ. "ಇದು ಯಾರ ಬ್ಲೌಸಿನ ಕೊರಳು?"

ತಾತ ಕನ್ನಡಕ ಸರಿ ಮಾಡಿಕೊಂಡು ನೋಡಿದ. ಹೌದು, ಮದುವೆಗೆ ಹೋಗುವ ಹುಡುಗಿಯರು ಹೊಲಿಸಿಕೊಳ್ಳುವ ಹೃದಯದ ಆಕಾರದ ಕೊರಳೇ ಅದು. ಹಾಳೆಯ ನಡುಗೆರೆಯ ಮೇಲೆ ಮಡಚಿದ ಗುರುತು ಇನ್ನೂ ಇತ್ತು. ಎಡಗಡೆಯ ಚುಕ್ಕಿಗಳಲ್ಲಿ ಪಿನ್ನಿನ ತೂತು ಇತ್ತು.

"ನಾನು ಹೇಳಿಕೊಟ್ಟಿದ್ದು," ಅಂದ.

"ಗೊತ್ತು ಮಾವ. ಮನೆಗೆಲ್ಲ ಗೊತ್ತು."

"ರೀ," ಅಂದಳು ಮಗಳು.

"ನಾನೇನಂದೆ? ಗೊತ್ತು ಅಂದೆ ಅಷ್ಟೆ." ಅಳಿಯ ಜೇಬಿನಿಂದ ಪೆನ್ನು ತೆಗೆದ. ಶಾಲೆಯವರು ಉತ್ತರಪತ್ರಿಕೆಯ ಜೊತೆಯಲ್ಲೇ ಫಾರಂ ಪಿನ್ ಮಾಡಿ ಕಳಿಸಿದ್ದರು. ಬಿಳಿ ಬಣ್ಣದ ದಪ್ಪ ಕಾಗದ. ಸಹಿ ಹಾಕಿದ. ಸಹಿ ಹಾಕುವಾಗ ಅವನ ಮುಖದಲ್ಲಿ ಕೋಪವಿರಲಿಲ್ಲ ಎಂಬುದನ್ನು ತಾತ ಗಮನಿಸಿದ. ಕೋಪಕ್ಕಿಂತ ಬೇರೆ ಏನೋ ಇತ್ತು. "ನಾಳೆ ನನಗೂ ಇವಳಿಗೂ ಬೆಳಗಿನ ಪಾಳಿ. ನೀವು ಹೋಗಿ ಮೇಡಂ ಕೈಗೆ ಕೊಟ್ಟು ಬನ್ನಿ."

ನಲ್ಲಿ ನಿಂತಿತು. ಕಡ್ಡಿ ಬಂದು ತಟ್ಟೆಯ ಮುಂದೆ ಕೂತಳು. ಅವಳು ಆಲೂಗೆಡ್ಡೆಯನ್ನು ಚಮಚದಲ್ಲಿ ಪುಡಿ ಮಾಡುತ್ತಾ ಮಾಡುತ್ತಾ ಅದನ್ನು ತಿನ್ನದೆಯೇ ಎದ್ದಳು.

ಮರುದಿನ ತಾತ ಒಗೆದ ಅಂಗಿ ಹಾಕಿಕೊಂಡು ಶಾಲೆಗೆ ಹೋದ. ಆ ಶಾಲೆಯ ಮಕ್ಕಳಲ್ಲಿ ಅರ್ಧ ಜನ ಅವನು ಹೊಲಿದ ಯೂನಿಫಾರಂ ಹಾಕಿದ್ದರು. ದಾರಿಯುದ್ದಕ್ಕೂ ತನ್ನ ಕಾಲರುಗಳು ತನ್ನನ್ನು ದಾಟಿಕೊಂಡು ಓಡುವುದನ್ನು ನೋಡುತ್ತಾ ನಡೆದ. ಲೆಕ್ಕದ ಮೇಡಂ ಟೀಚರುಗಳ ಕೋಣೆಯಲ್ಲಿ ಪುಸ್ತಕಗಳ ರಾಶಿಯ ಹಿಂದೆ ಕೂತಿದ್ದರು. ಐವತ್ತರ ಹೆಂಗಸು, ಗಂಟಲು ಕಟ್ಟಿತ್ತು. ಕುರ್ಚಿಯ ಬೆನ್ನಿಗೆ ಹಾಕಿದ್ದ ಅವರ ಕೋಟಿನ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು.

"ಕೂತ್ಕೊಳ್ಳಿ. ನೀವು ಅವಳ..."

"ತಾತ. ತಾಯಿಯ ತಂದೆ." ತಾತ ಫಾರಂ ಇದ್ದ ಜೇಬಿಗೆ ಕೈ ಹಾಕಿದವನು ಹಾಕಿದ ಹಾಗೇ ಕೂತ. "ಮೇಡಂ, ಆ ಡಬ್ಲ್ಯೂ ಅವಳ ತಪ್ಪಲ್ಲ. ನಾನು ಟೈಲರು. ಮಡಚಿ ಮಾಡು ಅಂತ ನಾನೇ ಹೇಳಿದ್ದು."

ಮೇಡಂ ಪೆನ್ನು ಕೆಳಗಿಟ್ಟರು. ಅವರು ನಗಬಹುದು ಅಂತ ತಾತ ಕಾದ. ನಗಲಿಲ್ಲ.

"ಅದಕ್ಕಾ ಪಿನ್ನಿನ ತೂತು? ನಾನು ಎರಡು ದಿನದಿಂದ ಯೋಚನೆ ಮಾಡ್ತಿದೀನಿ."

"ಹೂಂ."

"ಮಡಚೋದು ತಪ್ಪಲ್ಲ ತಾತ. ನಾನೂ ಅದನ್ನೇ ಹೇಳೋದು, ಸಮಮಿತಿ ಅಂತೀವಿ. ಆದರೆ ಎಲ್ಲಾ ಗ್ರಾಫೂ ಹಾಳೆಯ ನಡುವೆಯೇ ಕೂರಲ್ಲ. ಕೆಲವು ಪಕ್ಕಕ್ಕೆ ಜರುಗಿರುತ್ತವೆ. ಅವಳು ಎಲ್ಲವನ್ನೂ ಒಂದೇ ಜಾಗದಲ್ಲಿ ಮಡಚಿದ್ದಾಳೆ."

"ಎಷ್ಟು ಜರುಗಿದೆ ಅಂತ ಹೇಗೆ ಗೊತ್ತಾಗೋದು?"

"ಸೂತ್ರ ಇದೆ. ಅವಳಿಗೆ ಬಾಯಿಪಾಠ ಬರುತ್ತೆ. ಅದು ಯಾತಕ್ಕೆ ಅನ್ನೋದು ಬರಲ್ಲ. ನಾನೂ ಹೇಳಿ ನೋಡಿದೆ, ಒಂದು ಕ್ಲಾಸಲ್ಲಿ ನಲವತ್ತಾರು ಮಕ್ಕಳು."

ತಾತ ಕಾಲರಿನ ಅಡಿಯಲ್ಲಿ ಚುಚ್ಚಿಟ್ಟುಕೊಂಡಿದ್ದ ಸೂಜಿ ತೆಗೆದ. ಅದರಲ್ಲಿ ಕಪ್ಪು ದಾರ ಇದ್ದೇ ಇತ್ತು. "ಆ ಕೋಟು ಈ ಕಡೆ ಕೊಡಿ," ಅಂದ. ಮೇಡಂ ಬೇಡ ಅನ್ನುವಷ್ಟರಲ್ಲಿ ಗುಂಡಿಗೆ ಎರಡು ಸುತ್ತು ಬಿದ್ದಾಗಿತ್ತು. ಕೈ ಕೆಲಸದಲ್ಲಿದ್ದರೆ ಅವನಿಗೆ ಮಾತು ಸಲೀಸು. "ಇನ್ನೊಂದು ಟೆಸ್ಟ್ ಇದೆಯಾ ಮೇಡಂ?"

"ಇದೆ. ಹನ್ನೆರಡು ದಿನಕ್ಕೆ. ಹೆಸರಿನ ಪಟ್ಟಿ ಹೋಗೋದು ಅದಾದ ಮೇಲೆ."

"ಹಾಗಾದ್ರೆ ಈ ಫಾರಂ ಅಲ್ಲಿವರೆಗೆ ನನ್ನ ಹತ್ರಾನೇ ಇರಬಹುದಾ?"

"ಇರಬಹುದು. ಆದರೆ ಅದರಲ್ಲಿರೋದು ಅವಳಪ್ಪನ ಸಹಿ. ಅವರನ್ನ ಕೇಳಬೇಕಾದವರು ನೀವು, ನಾನಲ್ಲ."

ತಾತ ದಾರವನ್ನು ಹಲ್ಲಿನಲ್ಲಿ ಕಡಿದ. ಫಾರಂ ಜೇಬಿನಲ್ಲೇ ಉಳಿಯಿತು.

ಸಾಯಂಕಾಲ ಅಳಿಯ ಬಂದವನು ಕೈಗೆ ಮೆತ್ತಿದ್ದ ಗ್ರೀಸು ಉಜ್ಜಿ ತೊಳೆಯುತ್ತಾ ಕೇಳಿದ, "ಕೊಟ್ರಾ ಮಾವ?"

"ಇಲ್ಲ."

"ಮೇಡಂ ಸಿಗಲಿಲ್ವಾ?"

"ಸಿಕ್ಕಿದ್ರು. ನಾನೇ ಕೊಡಲಿಲ್ಲ."

ಅಳಿಯ ನಲ್ಲಿ ನಿಲ್ಲಿಸಿದ. ಒಲೆಯ ಮುಂದೆ ನಿಂತಿದ್ದ ಮಗಳು ಸೌಟು ಹಿಡಿದ ಹಾಗೇ ತಿರುಗಿದಳು.

"ಮೊದಲು ತಪ್ಪು ಹೇಳಿಕೊಟ್ರಿ," ಅಂದ ಅಳಿಯ, ದನಿ ಎತ್ತದೆ. "ಈಗ ನಾನು ಸಹಿ ಹಾಕಿದ್ದನ್ನ ಜೇಬಲ್ಲಿ ಇಟ್ಕೊಂಡು ವಾಪಸು ತಂದ್ರಿ."

"ಎರಡೂ ನಿಜ."

"ನಿಜ ಅಂದ್ಬಿಟ್ರೆ ಆಯ್ತಾ? ನಾನು ದೊಡ್ಡ ಲೆಕ್ಕ ಮೂರು ಸಲ ಬರೆದವನು ಮಾವ. ಮೂರು ಸಲ ಬೋರ್ಡಿನ ಮುಂದೆ ನಿಂತು ನನ್ನ ನಂಬರ್ ಹುಡುಕಿದೀನಿ. ಮೂರನೇ ಸಲ ನಮ್ಮಪ್ಪ ಜೊತೆಗೆ ಬಂದಿದ್ರು. ಬೇಡ ಅಂದ್ರೂ ಬಂದ್ರು. ಅವಳಿಗೆ ಅದು ಒಂದು ಸಲಾನೂ ಬೇಡ."

ನಿನ್ನೆ ಅಳಿಯನ ಮುಖದಲ್ಲಿ ಕೋಪದ ಜಾಗದಲ್ಲಿ ಇದ್ದದ್ದು ಏನೆಂದು ತಾತನಿಗೆ ಆಗ ತಿಳಿಯಿತು.

"ಈ ಮನೇಲಿ ಏಳು ವರ್ಷದಿಂದ ಇದೀನಿ. ನಿಮ್ಮನ್ನ ಏನೂ ಕೇಳಿಲ್ಲ. ಈಗ ಹನ್ನೆರಡು ದಿನ ಕೇಳ್ತಿದೀನಿ. ಆಗಲಿಲ್ಲ ಅಂದ್ರೆ ನಾನೇ ಹೋಗಿ ಕೊಟ್ಟು ಬರ್ತೀನಿ."

"ಮತ್ತೆ ಅವಳಿಗೆ?"

"ಅವಳಿಗೂ ನಾನೇ ಹೇಳ್ತೀನಿ. ನೀವು ಹೇಳೋದು ಬೇಡ."

ಅಳಿಯ ಟವೆಲ್ಲಿಗೆ ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. "ಹನ್ನೆರಡೇ," ಅಂದು ಒಳಗೆ ಹೋದ. ಆಮೇಲಿನ ಊಟಗಳಲ್ಲಿ ಅವನು ಮಾವನ ಜೊತೆ ಉಪ್ಪು ಕೊಡಿ, ನೀರು ಕೊಡಿ ಅನ್ನುವುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಫಾರಂ ಗುಂಡಿಗಳ ಡಬ್ಬಿಯ ತಳ ಸೇರಿತು.

ದಿನ ಕೇಳಿದ್ದೇನೋ ಆಯಿತು, ಆದರೆ ಏನು ಹೇಳಿಕೊಡಬೇಕು ಎಂಬುದು ತಾತನಿಗೆ ಗೊತ್ತಿರಲಿಲ್ಲ. ಕಡ್ಡಿ ಪುಸ್ತಕ ತೆರೆದು ಸೂತ್ರ ಓದುತ್ತಿದ್ದಳು, "ಮೈನಸ್ ಬಿ ಬೈ ಎರಡು ಎ, ಮೈನಸ್ ಬಿ ಬೈ ಎರಡು ಎ," ಅಂತ. ತಾತನಿಗೆ ಅದು ಯಾವುದೋ ಬಸ್ಸಿನ ನಂಬರಿನ ಹಾಗೆ ಕೇಳುತ್ತಿತ್ತು. ಎರಡು ದಿನ ಹೀಗೇ ಹೋದವು.

ಮೂರನೇ ದಿನ ಬೀದಿಯ ಕೊನೆಯ ಬೇಕರಿಯಮ್ಮ ಬಂದಳು. ನಡೆದರೆ ಹಿಂದೆ ಬ್ರೆಡ್ಡಿನ ವಾಸನೆ ಬರುವ ದಪ್ಪ ಹೆಂಗಸು. ಒಂದು ಬಟ್ಟೆ ತಂದಿದ್ದಳು, ಅಂಗೈ ಅಗಲದ ಕೆಂಪು ಹೂವುಗಳಿದ್ದದ್ದು.

"ಹೂವು ಸರಿಯಾಗಿ ಎದೆ ನಡುವೆ ಬರ್ಬೇಕು ನೋಡಪ್ಪ. ಹೋದ ಸಲ ಬೇರೆಯವನ ಹತ್ರ ಹೊಲಿಸಿದೆ, ಕಂಕುಳಲ್ಲಿ ಅರಳಿತ್ತು. ಕೈ ಎತ್ತಿದಾಗಲೆಲ್ಲ ನಮ್ಮನೆಯವರು ನಗೋರು."

"ನಡುವೇ ಬರುತ್ತಮ್ಮ. ಹೋಗಿ ಬಾ."

ಅವಳು ಹೋದ ಮೇಲೆ ತಾತ ಬಟ್ಟೆ ಹರಡಿದ. ಹೂವಿನ ಸಾಲು ಬಟ್ಟೆಯ ನಡುವೆ ಇರಲಿಲ್ಲ. ಒಂದು ಅಂಚಿಗೆ ಹತ್ತಿರವಾಗಿ ಸಾಗಿತ್ತು. ಯೋಚಿಸದೆ ಅವನ ಕೈ ಒಂದು ಹೂವಿನ ಎಡಗಡೆಯ ಎಸಳಿನ ತುದಿ ಹಿಡಿಯಿತು, ಅದನ್ನು ತಂದು ಬಲಗಡೆಯ ಎಸಳಿನ ತುದಿಯ ಮೇಲೆ ಕೂರಿಸಿತು, ನಡುವೆ ಬಿದ್ದ ಮಡಿಕೆಯನ್ನು ಉಗುರಿನಿಂದ ಒತ್ತಿತು. ಒತ್ತಿದ ಬೆರಳು ಅಲ್ಲೇ ನಿಂತಿತು.

ತಾತನಿಗೆ ಹನ್ನೆರಡು ವರ್ಷದ ತಾನು ನೆನಪಾದ. ಗುರುವಿನ ಅಂಗಡಿಯಲ್ಲಿ ಮೊದಲ ಸಲ ಕತ್ತರಿ ಕೈಗೆ ಸಿಕ್ಕ ದಿನ. ಇಂಥದೇ ಹೂವಿನ ಬಟ್ಟೆ. ಅಂಚಿಗೆ ಅಂಚು ಸೇರಿಸಿ ಬಟ್ಟೆಯ ನಡುವೆ ಸರಿಯಾಗಿ ಮಡಚಿ ಕತ್ತರಿಸಿದ್ದ, ಬಿಚ್ಚಿದರೆ ಹೂವು ಪಕ್ಕೆಗೆ ಹೋಗಿತ್ತು. ಗುರು ಹೊಡೆಯಲಿಲ್ಲ. ಅದನ್ನೇ ಹೊಲಿಸಿ, ಅಂಗಡಿಯ ಬೊಂಬೆಗೆ ಹಾಕಿಸಿ, ಒಂದು ತಿಂಗಳು ಅದರ ಎದುರಿಗೇ ಕೂರಿಸಿ ಗುಂಡಿ ಹಾಕಿಸಿದ್ದ. "ನೀನು ಮಡಚಿದ್ದು ಬಟ್ಟೆಯ ನಡುವನ್ನ ಕಣೋ. ಹೂವಿಗೂ ಒಂದು ನಡು ಇರುತ್ತೆ, ಅದನ್ನ ಕೇಳಲೇ ಇಲ್ಲ," ಅಂದಿದ್ದ. ಅಂದಿನಿಂದ ಕೈಗೆ ಗೊತ್ತಿದ್ದದ್ದನ್ನು ಬಾಯಿ ಮೊಮ್ಮಗಳಿಗೆ ಹೇಳಲು ಮರೆತಿತ್ತು.

"ಕಡ್ಡೀ, ಬಾ ಇಲ್ಲಿ. ಆ ಡಬ್ಲ್ಯೂ ಹಾಳೆ ತಗೊಂಡು ಬಾ."

"ಅದನ್ನ ಯಾಕೆ ತಾತ, ಹರಿದು ಹಾಕ್ತೀನಿ."

"ಹರೀಬೇಡ. ತಗೊಂಡು ಬಾ."

ಬಂದಳು, ಮುಖ ಗಂಟಿಕ್ಕಿಕೊಂಡು. ತಾತ ಹಾಳೆಯನ್ನು ಹೂವಿನ ಪಕ್ಕದಲ್ಲಿಟ್ಟ. "ಇದರ ಬಲಗಡೆ ನೀನು ಲೆಕ್ಕ ಮಾಡಿ ಇಟ್ಟ ಚುಕ್ಕಿ ಸರಿಯಾಗಿದಾವಾ?"

"ಸರಿ ಇವೆ. ಎಕ್ಸ್ ಸ್ಕ್ವೇರ್ ಮೈನಸ್ ನಾಲ್ಕು ಎಕ್ಸ್ ಪ್ಲಸ್ ಮೂರು. ಸೊನ್ನೆಗೆ ಮೂರು, ಒಂದಕ್ಕೆ ಸೊನ್ನೆ, ಎರಡಕ್ಕೆ ಮೈನಸ್ ಒಂದು, ಮೂರಕ್ಕೆ ಸೊನ್ನೆ, ನಾಲ್ಕಕ್ಕೆ ಮೂರು."

"ಎಡಗಡೆದು ಈಗ ನಿಜವಾಗಿ ಲೆಕ್ಕ ಮಾಡು. ಪುಕ್ಕಟೆ ಬೇಡ."

ಅವಳು ಪೆನ್ಸಿಲ್ ಕಚ್ಚಿಕೊಂಡು ಮಾಡಿದಳು. "ಮೈನಸ್ ಒಂದಕ್ಕೆ ಎಂಟು. ಮೈನಸ್ ಎರಡಕ್ಕೆ... ಹದಿನೈದು. ಹಾಳೇಲಿ ಜಾಗನೇ ಇಲ್ಲ ತಾತ, ಮೇಲಕ್ಕೆ ಹೋಗ್ತಾನೇ ಇದೆ."

"ಹಾಗಾದ್ರೆ ಎಡಗಡೆ ಕಣಿವೆನೇ ಇಲ್ಲ. ಇರೋದು ಒಂದೇ ಕಣಿವೆ. ಒಂದೇ ಹೂವು. ಅದರ ನಡು ಹುಡುಕು. ಹಾಳೆಯ ನಡು ಬೇಡ. ಈ ಎಸಳು ನೋಡು, ಈ ಎಸಳು ನೋಡು. ಒಂದೇ ಎತ್ತರದಲ್ಲಿರೋ ಎರಡು ಚುಕ್ಕಿ ಯಾವುದಿದೆ?"

"ಸೊನ್ನೆಗೆ ಮೂರು. ನಾಲ್ಕಕ್ಕೂ ಮೂರು."

"ಒಂದರ ಮೇಲೆ ಒಂದು ಕೂರಿಸು. ಉಗುರಲ್ಲಿ ಒತ್ತು."

ಕಡ್ಡಿ ಹಾಳೆಯನ್ನು ಕಿಟಕಿಗೆ ಹಿಡಿದು ಚುಕ್ಕಿಯ ಮೇಲೆ ಚುಕ್ಕಿ ಬರುವ ಹಾಗೆ ಮಡಚಿ ಒತ್ತಿದಳು. ಬಿಚ್ಚಿದಳು. ಮಡಿಕೆ ಎರಡರ ಮೇಲೆ ನೆಟ್ಟಗೆ ನಿಂತಿತ್ತು. ಒಂದೂ ಮೂರೂ ಅದರ ಆಚೆ ಈಚೆ ಒಂದೇ ದೂರದಲ್ಲಿದ್ದವು. ಕಣಿವೆಯ ತಳ ಸರಿಯಾಗಿ ಮಡಿಕೆಯ ಮೇಲಿತ್ತು. ಅವಳು ಸ್ವಲ್ಪ ಹೊತ್ತು ಹಾಗೇ ನೋಡಿದಳು. ಆಮೇಲೆ ಪುಸ್ತಕ ಎಳೆದುಕೊಂಡು ಏನೋ ಗೀಚಿದಳು.

"ಮೈನಸ್ ಬಿ ಬೈ ಎರಡು ಎ. ಬಿ ಅಂದ್ರೆ ಮೈನಸ್ ನಾಲ್ಕು. ನಾಲ್ಕು ಬೈ ಎರಡು. ಎರಡು." ತಲೆ ಎತ್ತಿದಳು. "ತಾತ, ಈ ಸೂತ್ರ ಮಡಿಕೆ ಎಲ್ಲಿದೆ ಅಂತ ಹೇಳೋದಾ? ಅಷ್ಟೇನಾ ಇದು?"

"ಸೂತ್ರ ನಂಗೊತ್ತಿಲ್ಲಮ್ಮ. ಎರಡು ಬಂತಾ?"

"ಎರಡೇ ಬಂತು."

"ಹಾಗಾದ್ರೆ ಅಷ್ಟೇ ಇರಬೇಕು."

ಬೇಕರಿಯಮ್ಮನ ಉಡುಪು ಒಂದು ದಿನ ತಡವಾಯಿತು. ಆಮೇಲೆ ಮೇಜಿನ ಆ ತುದಿಯಲ್ಲಿ ದಿನಕ್ಕೆ ನಾಲ್ಕು ಗ್ರಾಫ್ ನಡೆಯಿತು. ಮೊದಲು ಮಡಿಕೆ ಹುಡುಕುವುದು, ಅದರ ಮೇಲೆ ತಳ ಅಥವಾ ತಲೆ ಗುರುತು ಮಾಡುವುದು, ಒಂದು ಕಡೆ ಲೆಕ್ಕ ಮಾಡುವುದು, ಇನ್ನೊಂದು ಕಡೆ ಚುಕ್ಕಿ ಇಟ್ಟು ಒಂದನ್ನಾದರೂ ಲೆಕ್ಕ ಮಾಡಿ ತಾಳೆ ನೋಡುವುದು. ಆ ಕೊನೆಯದು ತಾತನ ಕಟ್ಟಪ್ಪಣೆ. "ಪುಕ್ಕಟೆ ಬಂದಿದ್ದನ್ನ ಒಂದು ಸಲ ಎಳೆದು ನೋಡು," ಅನ್ನುತ್ತಿದ್ದ. ಇಸ್ತ್ರಿ ಮಾಡುತ್ತಾ ಅಮ್ಮ ಅಡುಗೆಮನೆಯಿಂದಲೇ ಕೂಗುವಳು, "ಎಕ್ಸ್ ಸ್ಕ್ವೇರ್ ಪ್ಲಸ್ ಆರು ಎಕ್ಸ್ ಪ್ಲಸ್ ಐದು, ಮಡಿಕೆ ಎಲ್ಲಿ?" ಇಲ್ಲಿಂದ ಕಡ್ಡಿ, "ಮೈನಸ್ ಮೂರು." ಸರಿಯೋ ತಪ್ಪೋ ಅಮ್ಮನಿಗೆ ಗೊತ್ತಾಗುತ್ತಿರಲಿಲ್ಲ, ಪುಸ್ತಕದ ಹಿಂದಿನ ಉತ್ತರ ನೋಡಿಕೊಂಡು ಹೂಂ ಅನ್ನುತ್ತಿದ್ದಳು.

ಅಳಿಯ ಬೂಟು ಬಿಚ್ಚುವುದಕ್ಕೆ ದಿನದಿಂದ ದಿನಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳತೊಡಗಿದ. ಎಂಟನೇ ದಿನ ಬಂದವನು ಒಂದು ಕಟ್ಟು ಹಾಳೆಯನ್ನು ಮೇಜಿನ ಮೇಲೆ ಧೊಪ್ಪನೆ ಹಾಕಿದ. ಲಿಫ್ಟ್ ಸರ್ವಿಸಿನ ಹಳೇ ಚಾರ್ಟುಗಳು. ಹಿಂದುಗಡೆಯೆಲ್ಲ ಸಣ್ಣ ಸಣ್ಣ ಚೌಕಳಿ.

"ಆಫೀಸಲ್ಲಿ ಎಸೀತಿದ್ರು," ಅಂದ, ಯಾರ ಮುಖವನ್ನೂ ನೋಡದೆ.

"ತ್ಯಾಂಕ್ಸ್ ಅಪ್ಪ."

"ನನಗ್ಯಾಕೆ ತ್ಯಾಂಕ್ಸು, ಎಸೆದವರಿಗೆ ಹೇಳು."

ಟೆಸ್ಟಿನ ದಿನ ಬೆಳಿಗ್ಗೆ ಕಡ್ಡಿ ಬ್ರೆಡ್ಡು ತಿನ್ನಲಿಲ್ಲ. ಅಮ್ಮ ಅದನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ತಾತ ಬಾಗಿಲಲ್ಲಿ ನಿಂತು ಅವಳ ಕಾಲರು ಸರಿ ಮಾಡಿದ, ಅದು ಸರಿಯಾಗಿಯೇ ಇತ್ತು. ಅವಳು ಹೋದ ಮೇಲೆ ಅವನು ಒಂದು ತೋಳನ್ನು ಒಳಗು ಹೊರಗು ಮಾಡಿ ಹೊಲಿದ, ಬಿಚ್ಚಿದ, ಮತ್ತೆ ಹೊಲಿದ.

ನಾಲ್ಕು ದಿನ ಕಳೆದು ಶನಿವಾರ ಮಧ್ಯಾಹ್ನ ಉತ್ತರಪತ್ರಿಕೆ ಬಂತು. ಕಡ್ಡಿ ಬಾಗಿಲಲ್ಲಿ ನಿಂತಾಗ ಮನೆಯಲ್ಲಿ ತಾತ ಮತ್ತು ಅಳಿಯ ಇಬ್ಬರೇ. ಮೆಷಿನ್ನು ನಿಂತಿತು. ಅವಳ ಮುಖದಿಂದ ಏನೂ ಗೊತ್ತಾಗಲಿಲ್ಲ. ಓಡಿ ಬಂದವಳ ಹಾಗೆ ಬಾಯಲ್ಲಿ ಉಸಿರಾಡುತ್ತಿದ್ದಳು. ಹಾಳೆಯನ್ನು ತಾತನಿಗೆ ಕೊಡುವುದೋ ಅಪ್ಪನಿಗೆ ಕೊಡುವುದೋ ತಿಳಿಯದೆ ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟಳು.

ಅಳಿಯ ತೆಗೆದುಕೊಂಡ. ಮೇಲ್ಗಡೆ ನೋಡಿದ. ಕೂತ. ಬಟ್ಟೆಯ ರಾಶಿಯ ಮೇಲೆಯೇ ಕೂತ, ತಾತ ಏಳಿ ಅನ್ನಲಿಲ್ಲ.

"ಇಪ್ಪತ್ತೊಂಬತ್ತು," ಅಂದ ಅಳಿಯ. ಇನ್ನೊಮ್ಮೆ, "ಇಪ್ಪತ್ತೊಂಬತ್ತು ಮಾವ."

ತಾತ ಕೊರಳಿನ ಟೇಪನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಯಾಕೆ ತೆಗೆದನೋ ಅವನಿಗೇ ಗೊತ್ತಿರಲಿಲ್ಲ.

"ಎರಡನೇದು ನೋಡಪ್ಪ," ಅಂದಳು ಕಡ್ಡಿ, ಈಗ ತಡೆಯಲಾರದೆ. "ಎಕ್ಸ್ ಸ್ಕ್ವೇರ್ ಮೈನಸ್ ಮೂರು ಎಕ್ಸ್ ಮೈನಸ್ ನಾಲ್ಕು. ಒಂದಕ್ಕೂ ಮೈನಸ್ ಆರು, ಎರಡಕ್ಕೂ ಮೈನಸ್ ಆರು. ನಮ್ಮ ಕ್ಲಾಸಲ್ಲಿ ಎಲ್ಲರೂ ತಳ ಚಪ್ಪಟೆ ಮಾಡಿದ್ರು, ಬಾಣಲೆ ಹಾಗೆ. ಮಡಿಕೆ ಒಂದೂವರೆಯಲ್ಲಿತ್ತು."

"ಒಂದೂವರೆಗೆ ಎಷ್ಟು?" ತಾತ ಕೇಳಿದ.

"ಮೈನಸ್ ಆರೂಕಾಲು."

"ಒಂದೂವರೆ, ಆರೂಕಾಲು," ಅಂದ ತಾತ. "ಅದೆಲ್ಲ ನಮಗೆ ದಿನಾ ಬರೋ ಅಳತೆನೇ."

"ಮತ್ತೆ ಇಲ್ಲಿ ಎರಡು ಮಾರ್ಕ್ ಯಾಕೆ ಹೋಯ್ತು?" ಅಳಿಯ ಕೆಂಪು ಗೀಟಿನ ಮೇಲೆ ಬೆರಳಿಟ್ಟ.

"ಅಕ್ಷಗಳ ಪಕ್ಕ ಎಕ್ಸು, ವೈಯಿ ಬರೆಯೋದು ಮರೆತೆ."

"ಅಷ್ಟು ಕಷ್ಟಪಟ್ಟು ಅದನ್ನ ಮರೀತಾರಾ?" ಎಂದ, ಆದರೆ ಬಾಯಿ ನಗುತ್ತಿತ್ತು. ಆಮೇಲೆ ಅಳಿಯ ಎದ್ದು ಕಿಟಕಿಯ ಹತ್ತಿರ ಹೋದ. ಕಡ್ಡಿ ಚುಕ್ಕಿ ಚುಕ್ಕಿಯಾಗಿ ಎಳೆದಿದ್ದ ನಡುಗೆರೆಯ ಮೇಲೆ ಹಾಳೆಯನ್ನು ಮೆಲ್ಲಗೆ ಮಡಚಿ ಬೆಳಕಿಗೆ ಹಿಡಿದ. ಎಡಗಡೆಯ ಗೆರೆ ಬಲಗಡೆಯ ಗೆರೆಯೊಳಗೆ ಅಡಗಿಹೋಯಿತು. ಒಂದೇ ಗೆರೆ ಕಂಡಿತು. ಅವನು ತುಂಬ ಹೊತ್ತು ಅದನ್ನು ಹಾಗೇ ಹಿಡಿದುಕೊಂಡು ನಿಂತ.

"ಸರಿಯಾಗಿ ಕೂತಿದೆ ಮಾವ."

"ಅವಳ ಕೈ," ಅಂದ ತಾತ.

ಅಷ್ಟರಲ್ಲಿ ಮಗಳು ಪಾಳಿ ಮುಗಿಸಿ ಬಂದಳು, ಕೈಯಲ್ಲಿ ಸೊಪ್ಪಿನ ಚೀಲ. ಮೂರು ಮುಖ ನೋಡಿ ಚೀಲವನ್ನು ಅಲ್ಲೇ ಇಳಿಬಿಟ್ಟಳು. "ಎಷ್ಟು?" ಅಂದಳು. ಹೇಳಿದರು. "ಇಪ್ಪತ್ತೊಂಬತ್ತಾ," ಅಂದು ಕಡ್ಡಿಯ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡಳು, ಆ ತಲೆ ತನಗಿಂತ ಎತ್ತರದಲ್ಲಿದ್ದರೂ. ಆಮೇಲೆ ಕಣ್ಣೊರೆಸಿಕೊಂಡು, "ಯಾರಾದ್ರೂ ಅನ್ನಕ್ಕಿಟ್ರಾ ಅಥವಾ ಮಾರ್ಕ್ಸೇ ತಿಂತೀರಾ?" ಅಂದಳು.

"ಮಾವ, ಆ ಫಾರಂ?" ಅಂದ ಅಳಿಯ.

ತಾತ ಗುಂಡಿಗಳ ಡಬ್ಬಿ ಬಗ್ಗಿಸಿ ತಳದಿಂದ ಅದನ್ನು ತೆಗೆದ. ಒಂದೆರಡು ಗುಂಡಿ ಅಂಟಿಕೊಂಡು ಬಂದವು. ಅಳಿಯ ತನ್ನ ಸಹಿಯನ್ನು ಒಮ್ಮೆ ನೋಡಿದ, ಕಾಗದವನ್ನು ಬೆರಳುಗಳ ನಡುವೆ ಉಜ್ಜಿ ನೋಡಿದ.

"ಕಾಗದ ಗಟ್ಟಿಯಾಗಿದೆ. ನಿಮಗೆ ಬಟ್ಟೆ ಕತ್ತರಿಸೋ ನಮೂನೆಗೆ ಆಗುತ್ತಾ?"

ತಾತನೂ ಉಜ್ಜಿ ನೋಡಿದ. "ದೊಡ್ಡವರ ಅಂಗಿಗೆ ಸಾಲದು. ಮಕ್ಕಳ ಕಾಲರಿಗೆ ಆಗುತ್ತೆ."

"ಹಾಗಾದ್ರೆ ಕತ್ತರಿಸಿ."

ತಾತ ಕತ್ತರಿಯನ್ನು ಕಡ್ಡಿಯ ಕಡೆ ಜರುಗಿಸಿದ. ಅವಳು ಕಾಗದವನ್ನು ತಿರುವಿ ಮುರುವಿ ನೋಡಿದಳು. ಒಂದು ಅಂಚು ಮುದುರಿತ್ತು. ಅಷ್ಟನ್ನು ಬಿಟ್ಟು, ಉಳಿದದ್ದರ ನಡು ಹುಡುಕಿ ಮಡಚಿದಳು. ಮೊಣಕೈ ಮೇಜಿಗೆ ಊರಿ ಅರ್ಧ ಕಾಲರಿನ ಬಾಗು ಎಳೆದು ಕತ್ತರಿಸಿದಳು. ಬಿಚ್ಚಿದಾಗ ಪೂರ್ತಿ ಕಾಲರು ಮೇಜಿನ ಮೇಲೆ ಮಲಗಿತು. ಅಳಿಯನ ಸಹಿ ಹೊರಗೆ ಬಿದ್ದ ಚೂರಿನಲ್ಲಿತ್ತು. ಮಗಳು ಅನ್ನಕ್ಕಿಟ್ಟು ಬಂದು ಕೋಣೆ ಗುಡಿಸುವಾಗ ಅದು ದಾರದ ತುಂಡುಗಳ ಜೊತೆ ಹೋಯಿತು.